ಇಂಜೆಕ್ಷನ್ ಬಿಟ್ಟ ಮೇಲೆ ಹಸಿವು ತಿರುಗಿ ಬಂದಿದೆ: ಇಳಿದ ತೂಕ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಸಿಂಧನೂರಿನಲ್ಲಿ ಹೈಸ್ಕೂಲ್ ಟೀಚರ್. ವಯಸ್ಸು 43, ಎತ್ತರ 157 ಸೆಂ.ಮೀ. ಮೊದಲು 91 ಕೆಜಿ ಇದ್ದೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.3 ಬಂದಿತ್ತು. ಡಾಕ್ಟರ್ ಬರೆದುಕೊಟ್ಟ ಮೌಂಜಾರೊ ಇಂಜೆಕ್ಷನ್ ಹನ್ನೊಂದು ತಿಂಗಳು ತೆಗೆದುಕೊಂಡೆ, 5 ಮಿ.ಗ್ರಾಂ.ವರೆಗೆ ಹೋಗಿದ್ದೆ. ತೂಕ 74ಕ್ಕೆ ಇಳಿಯಿತು. ಮಗನ ಕಾಲೇಜು ಫೀಸು ಎದುರಿಗೆ ಬಂತು. ತಿಂಗಳಿಗೆ ಹದಿನೇಳೂವರೆ ಸಾವಿರ ಹೊಂದಿಸಲಾಗದೆ ನಾಲ್ಕು ತಿಂಗಳ ಹಿಂದೆ ನಾನೇ ನಿಲ್ಲಿಸಿದೆ. ಮೂರು ವಾರ ಏನೂ ಅನ್ನಿಸಲಿಲ್ಲ. ಆಮೇಲೆ ಒಮ್ಮೆಲೇ ಹಸಿವು ಎದ್ದಿತು. ಬೆಳಿಗ್ಗೆ ಚಹಾ ಬಿಟ್ಟರೆ ಮಧ್ಯಾಹ್ನ ಎರಡರವರೆಗೆ ಏನೂ ತಿನ್ನುವುದಿಲ್ಲ, ಆದರೂ ಈಗ 78.5. ರಾತ್ರಿ ಎಲ್ಲರೂ ಮಲಗಿದ ಮೇಲೆ ಲೈಟ್ ಹಾಕದೆ ಅಡುಗೆಮನೆಗೆ ಹೋಗಿ, ಬುಟ್ಟಿಯಲ್ಲಿ ಉಳಿದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ನಿಂತಲ್ಲೇ ತಿನ್ನುತ್ತೇನೆ. ‘ಸೂಜಿಲೆ ಇಳಿಸಿದ್ದು ಸೂಜಿ ಬಿಟ್ರ ಎರಡರಷ್ಟು ಬರ್ತದ’ ಅಂತಾರೆ ನಮ್ಮ ನೆಗೆಣ್ಣಿ. ಅದು ಹಲ್ಲಿ ವಿಷ, ಮೈ ಕೆಡಿಸಿರುತ್ತದೆ ಅಂತ ಸ್ಟಾಫ್ ರೂಮಿನಲ್ಲಿ ಹೇಳಿದರು. ಇಳಿದದ್ದೆಲ್ಲ ತಿರುಗಿ ಬರುತ್ತದೆಯೇ? ಜೀವಮಾನವಿಡೀ ಚುಚ್ಚಿಕೊಳ್ಳಬೇಕೇ? ಫ್ರಿಜ್‌ನಲ್ಲಿ ಹಳೆಯ ಪೆನ್ ಇದೆ, ಎರಡು ಡೋಸ್ ಉಳಿದಿದೆ. ಗಂಗಾವತಿಯ ಒಬ್ಬರು ಅರ್ಧ ರೇಟಿಗೆ ತರಿಸಿಕೊಡುತ್ತೇನೆ ಅಂದಿದ್ದಾರೆ. ಮತ್ತೆ ಶುರು ಮಾಡಲೇ?

ಉತ್ತರ: ಮೊದಲು ಪೆನ್ನಿನ ಮಾತು, ಏಕೆಂದರೆ ಇದನ್ನು ಓದುವಷ್ಟರಲ್ಲಿ ನೀವು ಚುಚ್ಚಿಕೊಂಡುಬಿಟ್ಟಿರಬಾರದು. ಅದನ್ನು ಬಳಸಬೇಡಿ. ಈ ಪೆನ್ ಒಮ್ಮೆ ಬಳಸಲು ಶುರು ಮಾಡಿದ ಮೇಲೆ ಮೂವತ್ತು ದಿನವಷ್ಟೇ ಇಟ್ಟುಕೊಳ್ಳಬಹುದು. ನಿಮ್ಮದಕ್ಕೆ ನಾಲ್ಕು ತಿಂಗಳಾಗಿದೆ. ಪೆನ್ ಹೊಸದೇ ಆಗಿದ್ದರೂ 5 ಮಿ.ಗ್ರಾಂ.ನಿಂದ ಶುರು ಮಾಡುವ ಹಾಗಿಲ್ಲ. ಇಷ್ಟು ದಿನದ ಬಿಡುವಿನಲ್ಲಿ ನಿಮ್ಮ ಹೊಟ್ಟೆ, ಕರುಳಿಗೆ ಔಷಧಿಯ ರೂಢಿ ತಪ್ಪಿಹೋಗಿದೆ. ಹೀಗೆ ಹಳೆಯ ಡೋಸಿಗೆ ನೇರವಾಗಿ ಹೋದವರು ಎರಡು ದಿನ ವಾಂತಿ ಮಾಡಿಕೊಂಡು, ಮೂತ್ರ ಕಟ್ಟಿದ ಸ್ಥಿತಿಯಲ್ಲಿ ಬಂದು ಸಲೈನ್ ಹಾಕಿಸಿಕೊಂಡಿದ್ದನ್ನು ನೋಡಿದ್ದೇನೆ.

ಇನ್ನು ಲೈಟ್ ಹಾಕದೆ ತಿನ್ನುವ ರೊಟ್ಟಿ. ಇದೇ ಮಾತನ್ನು ಬಳ್ಳಾರಿಯ ನನ್ನ ಕ್ಲಿನಿಕ್ಕಿನಲ್ಲಿ ಬೇರೆ ಬೇರೆ ರೂಪದಲ್ಲಿ ಕೇಳುತ್ತಿರುತ್ತೇನೆ. ಒಬ್ಬರು ಮನೆಗೆ ಹೋಗುವ ಮುಂಚೆ ಬಂಡಿಯ ಹತ್ತಿರ ನಿಂತು ಒಗ್ಗರಣೆ ಮಿರ್ಚಿ ತಿಂದು ಬಾಯಿ ಒರೆಸಿಕೊಳ್ಳುತ್ತಾರೆ. ಇನ್ನೊಬ್ಬರ ಸ್ಕೂಟರ್ ಡಿಕ್ಕಿಯಲ್ಲಿ ಶೇಂಗಾ ಚಿಕ್ಕಿಯ ಡಬ್ಬಿ ಇರುತ್ತದೆ. ಹೇಳುವಾಗ ಎಲ್ಲರೂ ದನಿ ತಗ್ಗಿಸುತ್ತಾರೆ, ಕಳ್ಳತನ ಒಪ್ಪಿಕೊಂಡ ಹಾಗೆ. ನಿಮಗೆ ಹಸಿವಾಗಿತ್ತು, ತಿಂದಿರಿ. ಆ ಹಸಿವು ಎಲ್ಲಿಂದ ಬಂತೆಂದು ತಿಳಿದರೆ ಉಳಿದ ಪ್ರಶ್ನೆಗಳ ಗಂಟು ಸಡಿಲವಾಗುತ್ತದೆ.

ಉಂಡಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಮೆದುಳಿಗೆ ‘ಸಾಕು’ ಎಂಬ ಸುದ್ದಿ ಮುಟ್ಟಿಸುವುದು, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುವುದು, ಇನ್ಸುಲಿನ್ ಬಿಡುಗಡೆ ಮಾಡಿಸುವುದು ಅದರ ಕೆಲಸ. ದೇಹದಲ್ಲಿ ಹುಟ್ಟುವ ಜಿಎಲ್‌ಪಿ-1ರ ಆಯುಷ್ಯ ಎರಡು-ಮೂರು ನಿಮಿಷ. ಅದೇ ಕೆಲಸವನ್ನು ದಿನಗಟ್ಟಲೆ ಮಾಡುವ ಹಾಗೆ ಈ ಔಷಧಿಗಳನ್ನು ರೂಪಿಸಿದ್ದಾರೆ. ನೀವು ತೆಗೆದುಕೊಂಡ ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಜೊತೆಗೆ ಮಾಡುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಐದು ದಿನ ಬೇಕು. ಐದೈದು ದಿನಕ್ಕೆ ಅರ್ಧ, ಅರ್ಧದಲ್ಲಿ ಅರ್ಧ ಎಂದು ಲೆಕ್ಕ ಹಾಕುತ್ತಾ ಹೋದರೆ ಮೂರು ವಾರಕ್ಕೆ ನೂರರಲ್ಲಿ ಐದಾರು ಪಾಲು ಉಳಿದಿರುತ್ತದೆ. ಮೂರು ವಾರ ಏನೂ ಅನ್ನಿಸದೆ ಆಮೇಲೆ ಹಸಿವು ಎದ್ದದ್ದು ಇದಕ್ಕೇ. ನಿಮ್ಮ ಮನಸ್ಸು ಆ ನಾಲ್ಕನೇ ವಾರದಲ್ಲಿ ದಿಢೀರನೆ ಸಡಿಲಾಗಲಿಲ್ಲ, ಔಷಧಿ ಮುಗಿಯಿತು.

ನಮ್ಮ ಕಡೆಯವರಿಗೆ ನಾನು ಇದನ್ನು ಟಿ.ಬಿ. (ತುಂಗಭದ್ರಾ) ಡ್ಯಾಮಿನ ಲೆಕ್ಕದಲ್ಲಿ ಹೇಳುತ್ತೇನೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋದದ್ದು ನೆನಪಿರಬೇಕು. ಎಡದಂಡೆ ಕಾಲುವೆ ನಂಬಿಕೊಂಡ ನಿಮ್ಮ ಸಿಂಧನೂರಿನವರಿಗೆ ಅದನ್ನು ನೆನಪಿಸಬೇಕಾಗಿಯೇ ಇಲ್ಲ. ಅವತ್ತು ನುಗ್ಗಿದ ನೀರನ್ನು ಗೇಟು ಹುಟ್ಟಿಸಿರಲಿಲ್ಲ. ಹಿಂದೆ ನಿಂತಿದ್ದ ನೀರು ಅದು, ಗೇಟು ತಡೆದಿತ್ತು. ಇಂಜೆಕ್ಷನ್ ಕೂಡ ಹಸಿವನ್ನು ತಡೆದು ನಿಲ್ಲಿಸುತ್ತದೆ, ಬತ್ತಿಸುವುದಿಲ್ಲ. ಅಷ್ಟೇ ಆಗಿದ್ದರೆ ಸುಲಭವಿತ್ತು. ತೂಕ ಇಳಿದಷ್ಟೂ ಗೇಟಿನ ಹಿಂದೆ ನೀರಿನ ಮಟ್ಟ ಏರುತ್ತಾ ಹೋಗುತ್ತದೆ. ಕೊಬ್ಬು ಕರಗಿದರೆ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ. ದೇಹ ಅದನ್ನು ಬರಗಾಲದ ಸೂಚನೆ ಎಂದೇ ತಿಳಿಯುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ಯಾವ ಇಂಜೆಕ್ಷನ್ನೂ ಇಲ್ಲದೆ ಬರೀ ಪಥ್ಯದಿಂದ ತೂಕ ಇಳಿಸಿದವರನ್ನು ಒಂದು ವರ್ಷದ ನಂತರ ಪರೀಕ್ಷಿಸಿದರು. ಅವರಲ್ಲೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಹಸಿವೂ ತಗ್ಗಿರಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನ ಅದು. 2016ರ ಇನ್ನೊಂದು ಲೆಕ್ಕ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ: ಇಳಿದ ಒಂದೊಂದು ಕೆಜಿಗೆ ದೇಹದ ದಿನದ ಖರ್ಚು 20ರಿಂದ 30 ಕ್ಯಾಲರಿ ತಗ್ಗಿದರೆ, ಹಸಿವು ಸುಮಾರು 100 ಕ್ಯಾಲರಿಯಷ್ಟು ಏರುತ್ತದೆ. ‘ನನ್ನ ಮೆಟಬಾಲಿಸಂ ಸತ್ತುಹೋಗಿದೆ’ ಎಂದು ಬರುವವರಿಗೆ ಇದನ್ನೇ ತೋರಿಸುತ್ತೇನೆ. ಖರ್ಚು ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಮೂರು-ನಾಲ್ಕು ಪಟ್ಟು ದೊಡ್ಡ ಎದುರಾಳಿ ಹಸಿವು. ಆದ್ದರಿಂದ ನಾವು ಮಾಡುವ ಏರ್ಪಾಡೆಲ್ಲ ಹಸಿವಿಗಾಗಿ ಇರಬೇಕು.

ನೆಗೆಣ್ಣಿಯವರ ‘ಎರಡರಷ್ಟು’ ಸುಳ್ಳು. ಆದರೆ ಅದರೊಳಗೆ ಒಂದು ನಿಜದ ಎಳೆ ಇದೆ. ಸೆಮಾಗ್ಲುಟೈಡ್ ಎಂಬ ಇದೇ ಗುಂಪಿನ ಇನ್ನೊಂದು ಔಷಧಿಯ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ 68 ವಾರಕ್ಕೆ ಸರಾಸರಿ ಶೇ 17.3ರಷ್ಟು ತೂಕ ಇಳಿದವರನ್ನು ಔಷಧಿ ನಿಲ್ಲಿಸಿ ಒಂದು ವರ್ಷ ಗಮನಿಸಿದರು. ಇಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮರಳಿತ್ತು. ಮೊದಲಿನ ತೂಕಕ್ಕಿಂತ ಶೇ 5.6ರಷ್ಟು ಕಡಿಮೆಯೇ ಉಳಿದಿತ್ತು. ನಿಮ್ಮದೇ ಔಷಧಿಯ ಪ್ರಯೋಗದಲ್ಲಿ 36 ವಾರಕ್ಕೆ ಶೇ 20.9 ಇಳಿದವರಲ್ಲಿ ಅರ್ಧದಷ್ಟು ಜನರಿಗೆ ಔಷಧಿಯಿಲ್ಲದ ಇಂಜೆಕ್ಷನ್ ಕೊಟ್ಟಾಗ, ಮುಂದಿನ ಒಂದು ವರ್ಷದಲ್ಲಿ ಸರಾಸರಿ ಶೇ 14ರಷ್ಟು ಏರಿತು. ಔಷಧಿ ಮುಂದುವರಿಸಿದವರು ಇನ್ನೂ ಶೇ 5.5 ಇಳಿದರು. ಇವೆಲ್ಲ ಸರಾಸರಿ. ನೀವು ಇಳಿಸಿದ 17 ಕೆಜಿಯಲ್ಲಿ ನಾಲ್ಕೂವರೆ ಮರಳಿದೆ, ಹನ್ನೆರಡೂವರೆ ಇನ್ನೂ ನಿಮ್ಮ ಕೈಯಲ್ಲಿದೆ. ನಾಲ್ಕನೇ ತಿಂಗಳಲ್ಲೇ ಕೇಳಿದ್ದೀರಿ, ಒಳ್ಳೆಯದಾಯಿತು. ನನ್ನ ಹತ್ತಿರ ಬರುವ ಹೆಚ್ಚಿನವರು ನಾಚಿಕೆಗೆ ಮುಖ ತೋರಿಸದೆ, ಎಲ್ಲಾ ಏರಿದ ಮೇಲೆ ಬರುತ್ತಾರೆ.

ಹಲ್ಲಿ ವಿಷದ ಕತೆಗೂ ಒಂದು ಮೂಲವಿದೆ. ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಜಿಎಲ್‌ಪಿ-1 ಹೋಲುವ ಪದಾರ್ಥ ಸಿಕ್ಕಿತ್ತು. ಅದರ ಜಾಡು ಹಿಡಿದು ಮಾಡಿದ ಎಕ್ಸೆನಟೈಡ್ 2005ರಲ್ಲಿ ಸಕ್ಕರೆ ಕಾಯಿಲೆಗೆ ಬಂತು. ನಿಮ್ಮ ಪೆನ್ನಿನೊಳಗೆ ಹಲ್ಲಿಯ ವಿಷ ಇಲ್ಲ. ಇರುವುದು ಮನುಷ್ಯರ ಕರುಳಿನ ಹಾರ್ಮೋನನ್ನು ಮಾದರಿಯಾಗಿಟ್ಟುಕೊಂಡು ಕಾರ್ಖಾನೆಯಲ್ಲಿ ತಯಾರಿಸಿದ ಔಷಧಿ.

‘ಮೈ ಕೆಡಿಸಿದೆಯೇ’ ಎಂಬ ಪ್ರಶ್ನೆಯಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವ ವಿಷಯ ಒಂದೇ, ಅದು ಸ್ನಾಯು. ಯಾವ ದಾರಿಯಲ್ಲೇ ಆಗಲಿ ತೂಕ ಬೇಗ ಇಳಿದರೆ ಅದರಲ್ಲಿ ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕೊಬ್ಬಲ್ಲದ ಮಾಂಸಖಂಡ ಇತ್ಯಾದಿಯದ್ದಾಗಿರುತ್ತದೆ. ತಿರುಗಿ ಬರುವಾಗ ಬಹುಪಾಲು ಕೊಬ್ಬಾಗಿಯೇ ಬರುತ್ತದೆ. ಒಮ್ಮೆ 15 ಕೆಜಿ ಇಳಿಸಿದ್ದ ಒಬ್ಬ ತಾಯಿ ಖುಷಿಯಿಂದ ಬಂದಿದ್ದರು. ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈ ಎದೆಗೆ ಕಟ್ಟಿಕೊಂಡು ಏಳಿ ಅಂದೆ. ಮುಂದಕ್ಕೆ ಬಾಗಿದರು, ಅರ್ಧ ಎದ್ದರು, ಮೊಣಕಾಲು ನಡುಗಿತು, ಕೈ ತಾನಾಗಿಯೇ ಬಿಚ್ಚಿ ಕುರ್ಚಿಯ ಹಿಡಿ ಹಿಡಿಯಿತು. ‘ದೇವರ ಮುಂದ ಕುಂತ್ರ ನೆಲಕ್ಕ ಕೈ ಊರೇ ಏಳ್ತೀನಿ ಡಾಕ್ಟ್ರೇ, ವಯಸ್ಸಾತು’ ಅಂದರು. ಅವರಿಗೆ 46. ತೂಕದ ಯಂತ್ರ ಪ್ರತಿ ತಿಂಗಳೂ ಒಳ್ಳೆಯ ಸುದ್ದಿ ಹೇಳುತ್ತಿತ್ತು, ತೊಡೆಯ ಸ್ನಾಯು ಸವೆಯುತ್ತಿತ್ತು, ನಾನು ನೋಡಿರಲಿಲ್ಲ. ಡೋಸ್ ಏರಿಸುವುದು ಹೇಗೆಂದು ಬರೆದುಕೊಟ್ಟು, ವ್ಯಾಯಾಮ ಏನು, ಬಿಡುವುದು ಹೇಗೆ ಎಂಬ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಅದು ನನ್ನ ತಪ್ಪು. ಈಗ ಮೊದಲ ಭೇಟಿಯಲ್ಲೇ ಕುರ್ಚಿ ಪರೀಕ್ಷೆ ಮಾಡಿಸುತ್ತೇನೆ, ಎಷ್ಟು ತಿಂಗಳು ಖರ್ಚು ಭರಿಸಬಲ್ಲಿರಿ ಎಂದೂ ಅಂದೇ ಕೇಳುತ್ತೇನೆ.

ಈಗ ನಿಮ್ಮ ಎದುರಿಗಿರುವ ದಾರಿಗಳು.

ಒಂದು, ಔಷಧಿಗೆ ಮರಳುವುದು. ಜೀವಮಾನವಿಡೀ ಬೇಕೇ ಎಂದು ಕೇಳಿದ್ದೀರಿ. ಬೊಜ್ಜು ಮರುಕಳಿಸುವ ದೀರ್ಘಕಾಲದ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯೂ ಈ ಔಷಧಿಗಳನ್ನು ದೀರ್ಘಕಾಲದ ಚಿಕಿತ್ಸೆಯಾಗಿಯೇ, ಆಹಾರ-ವ್ಯಾಯಾಮದ ಜೊತೆಗೆ, ಷರತ್ತಿನ ಮೇಲೆ ಒಪ್ಪುತ್ತದೆ. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುತ್ತದೆ, ಅದಕ್ಕೆ ಯಾರೂ ಮಾತ್ರೆಯನ್ನು ಬೈಯುವುದಿಲ್ಲ. ಹಾಗೆಂದು ಎಲ್ಲರಿಗೂ ಪೂರ್ತಿ ಡೋಸ್ ಸದಾ ಬೇಕು ಅಂತಲೂ ಇಲ್ಲ. ಕಡಿಮೆ ಡೋಸಿನಲ್ಲೇ ತೂಕ ನಿಲ್ಲುವವರನ್ನು ನೋಡುತ್ತಿದ್ದೇನೆ. ಮರಳುವುದಾದರೆ ವೈದ್ಯರ ನಿಗಾದಲ್ಲಿ 2.5 ಮಿ.ಗ್ರಾಂ.ನಿಂದ ಹೊಸದಾಗಿ ಆರಂಭ. ವಾಕರಿಕೆ, ಮಲಬದ್ಧತೆ ಗೊತ್ತಿರುವುದೇ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತ ಆಗಬಹುದು. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹೋಗುವ ಬಿಡದ ನೋವು ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮನೆತನದಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಈ ಔಷಧಿ ಬೇಡ. ಗರ್ಭಿಣಿಯಾಗುವ ಸಾಧ್ಯತೆಯಿದ್ದರೂ ಬೇಡ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಹೇಳಿ, ಟಿರ್ಜೆಪಟೈಡ್ ಅದರ ಬಲ ಕುಗ್ಗಿಸಬಲ್ಲದು.

ಹಣದ ವಿಷಯ: ಭಾರತದಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ 2026ರ ಮಾರ್ಚ್‌ನಲ್ಲಿ ಮುಗಿದು ಬೇರೆ ಕಂಪನಿಗಳಿಗೂ ಅದನ್ನು ತಯಾರಿಸುವ ದಾರಿ ತೆರೆದಿದೆ. ಟಿರ್ಜೆಪಟೈಡ್‌ನಿಂದ ಅದಕ್ಕೆ ಬದಲಾಗುವುದು ಸಾಧ್ಯ, ತೂಕ ಇಳಿಸುವ ಬಲ ಸ್ವಲ್ಪ ಕಡಿಮೆ. ನಿಮ್ಮ ವೈದ್ಯರ ಹತ್ತಿರ ದರವನ್ನು ನಾಚಿಕೆಯಿಲ್ಲದೆ ಕೇಳಿ. ಗಂಗಾವತಿಯವರ ಅರ್ಧ ರೇಟಿನ ಮಾಲು ಮಾತ್ರ ಬೇಡವೇ ಬೇಡ. ನಕಲಿ ಓಜೆಂಪಿಕ್ (ಸೆಮಾಗ್ಲುಟೈಡ್ ಇರುವ ಇಂಜೆಕ್ಷನ್) ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೇ 2024ರ ಜೂನ್‌ನಲ್ಲಿ ಎಚ್ಚರಿಸಿತ್ತು. ಮಾಲು ಅಸಲಿಯೇ ಆಗಿದ್ದರೂ 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದದ್ದು, ಹೊರಗಿಟ್ಟರೆ 30 ಡಿಗ್ರಿ ದಾಟಬಾರದು. ನಮ್ಮ ಬೇಸಿಗೆಯಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಪಾರ್ಸಲ್ ಬಂದ ಪೆನ್ ಏನಾಗಿರುತ್ತದೆ, ನೀವೇ ಯೋಚಿಸಿ. ಬಿಲ್ ಕೊಡುವ ಅಂಗಡಿಯಿಂದಷ್ಟೇ ತೆಗೆದುಕೊಳ್ಳಿ.

ಎರಡು, ಔಷಧಿ ಇಲ್ಲದೆ ಇರುವ ತೂಕ ಹಿಡಿದಿಡುವುದು. ಇದು ಆಗುವ ಕೆಲಸ, ಆದರೆ ಕಷ್ಟದ ಕೆಲಸ. ಸುಲಭ ಅಂದರೆ ನಿಮಗೆ ಸುಳ್ಳು ಹೇಳಿದ ಹಾಗೆ. ಇಲ್ಲಿ ವ್ಯಾಯಾಮದ ಪಾತ್ರ ದೊಡ್ಡದು. ಡೆನ್ಮಾರ್ಕ್‌ನಲ್ಲಿ ಲಿರಾಗ್ಲುಟೈಡ್ ಎಂಬ ಇದೇ ಗುಂಪಿನ ಇಂಜೆಕ್ಷನ್ ಪಡೆದವರನ್ನು, ನಿಲ್ಲಿಸಿದ ಒಂದು ವರ್ಷದ ನಂತರ ನೋಡಿದರು. ಇಂಜೆಕ್ಷನ್ ಜೊತೆಗೆ ಒಂದು ವರ್ಷ ಮೇಲ್ವಿಚಾರಣೆಯಲ್ಲಿ ವ್ಯಾಯಾಮವನ್ನೂ ಮಾಡಿದ್ದವರು, ಬರೀ ಇಂಜೆಕ್ಷನ್ ಪಡೆದವರಿಗಿಂತ ತೂಕವನ್ನು ಚೆನ್ನಾಗಿ ಉಳಿಸಿಕೊಂಡಿದ್ದರು. ತೂಕ ಇಳಿಸುವುದಕ್ಕಿಂತ ಇಳಿದದ್ದನ್ನು ಉಳಿಸುವುದರಲ್ಲಿ ನಡಿಗೆಯ ಕೂಲಿ ಹೆಚ್ಚು. ದಿನಕ್ಕೆ ನಲವತ್ತರಿಂದ ಅರವತ್ತು ನಿಮಿಷ, ಒಂದೇ ಹೊತ್ತು ಆಗಬೇಕಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೆ ಇಪ್ಪತ್ತು ನಿಮಿಷ, ಊಟದ ಬಿಡುವಿನಲ್ಲಿ ಶಾಲೆಯ ವರಾಂಡದ ನೆರಳಿನಲ್ಲಿ ಹತ್ತು, ರಾತ್ರಿ ಊಟದ ಮೇಲೆ ಮಾಳಿಗೆಯಲ್ಲಿ ಇಪ್ಪತ್ತು. ವಾರಕ್ಕೆ ಎರಡು-ಮೂರು ದಿನ ಸ್ನಾಯುವಿನ ಕೆಲಸ: ಸ್ಟಾಫ್ ರೂಮಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಹೀಗೆ ಮೂರು ಸರದಿ. ಗೋಡೆಗೆ ಕೈಯಿಟ್ಟು ದಂಡ. ಎರಡೂ ಕೈಯಲ್ಲಿ ನೀರು ತುಂಬಿದ ಬಾಟಲಿ ಎತ್ತುವುದು. ಮೊಣಕಾಲು ನೋವಿದ್ದರೆ ಎತ್ತರದ ಕುರ್ಚಿಯಿಂದ ಆರಂಭಿಸಿ.

ಮೂರನೆಯ ದಾರಿಗಳು ಚಿಕ್ಕವು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಅಂಚಿನಲ್ಲಿರುವ ನಿಮ್ಮ ಸಕ್ಕರೆಗೆ ಉಪಯೋಗವಾಗಬಹುದು, ತೂಕದಲ್ಲಿ ಎರಡು-ಮೂರು ಕೆಜಿಗಿಂತ ಹೆಚ್ಚು ನಿರೀಕ್ಷಿಸಬೇಡಿ. ಊಟದ ಕೊಬ್ಬು ಮೈಗೆ ಸೇರದಂತೆ ತಡೆಯುವ ಓರ್ಲಿಸ್ಟಾಟ್ ನುಂಗಿ ಮಿರ್ಚಿ ತಿಂದರೆ ಎಣ್ಣೆ ಮಲದಲ್ಲಿ ಬಂದು ಬಟ್ಟೆ ಕೆಡುತ್ತದೆ, ಶಾಲೆಗೆ ಹೋಗುವವರಿಗೆ ತ್ರಾಸು. ತೂಕ ಪೂರ್ತಿ ಮರಳಿದರೆ ಬೇರಿಯಾಟ್ರಿಕ್ (ತೂಕ ಇಳಿಸುವ) ಶಸ್ತ್ರಚಿಕಿತ್ಸೆಯ ಬಗ್ಗೆ ಮಾತಾಡಬಹುದು, ಇವತ್ತಿಗೆ ಅದು ಬೇಕಿಲ್ಲ.

ನಿಮ್ಮ ದಿನದ ಊಟ ನೋಡಿದರೆ ರಾತ್ರಿಯ ರೊಟ್ಟಿಗೆ ಕಾರಣ ಬೆಳಿಗ್ಗೆಯೇ ಕಾಣುತ್ತದೆ. ಔಷಧಿ ಇದ್ದಾಗ ಚಹಾದ ಮೇಲೆ ಎರಡರವರೆಗೆ ಇರಬಹುದಿತ್ತು, ಗೇಟು ಇತ್ತು. ಈಗಲೂ ಅದೇ ಕಟ್ಟುನಿಟ್ಟು ಮುಂದುವರಿಸಿದ್ದೀರಿ. ಹಗಲೆಲ್ಲ ತಡೆದದ್ದು ರಾತ್ರಿ ಹತ್ತಕ್ಕೆ ಲೆಕ್ಕ ತೀರಿಸಿಕೊಳ್ಳುತ್ತಿದೆ. ಹಸಿವು ಹುಟ್ಟುವ ಮೊದಲೇ ತಿನ್ನಿ, ಪ್ರೋಟೀನು ಮುಂದಿಟ್ಟು ತಿನ್ನಿ. ನಿಮ್ಮ ತೂಕಕ್ಕೆ ದಿನಕ್ಕೆ 70ರಿಂದ 80 ಗ್ರಾಂ ಪ್ರೋಟೀನು ಬೇಕು (ಮೂತ್ರಪಿಂಡದ ತೊಂದರೆ ಇಲ್ಲವೆಂದು ಕ್ರಿಯಾಟಿನಿನ್ ಪರೀಕ್ಷೆಯಲ್ಲಿ ನೋಡಿಕೊಂಡು). ಎರಡು ರೊಟ್ಟಿ, ತಿಳಿಸಾರು, ಒಂದಿಷ್ಟು ಅನ್ನದಲ್ಲಿ ಅದರ ಅರ್ಧವೂ ಬರುವುದಿಲ್ಲ.

ದುಬಾರಿ ಪೌಡರ್ ಡಬ್ಬಿ ಬೇಕಿಲ್ಲ, ನಮ್ಮ ಅಡುಗೆಮನೆಯಲ್ಲೇ ಇದೆ. ಬೆಳಿಗ್ಗೆ ಎರಡು ಮೊಟ್ಟೆ, ಅದು ನಡೆಯದ ಮನೆಯಾದರೆ ಎರಡು ಹೆಸರುಬೇಳೆ ದೋಸೆ: 12-14 ಗ್ರಾಂ. ಮಧ್ಯಾಹ್ನ ಒಂದು ದೊಡ್ಡ ಬಟ್ಟಲು ಮಡಕಿಕಾಳು ಪಲ್ಯ, ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಮೊಸರು: ಸುಮಾರು 23. ಸಂಜೆ ಐದಕ್ಕೆ ಒಂದು ಹಿಡಿ ಹುರಿಗಡಲೆ, ಒಂದು ಲೋಟ ಮಜ್ಜಿಗೆ: 8ರ ಹತ್ತಿರ. ರಾತ್ರಿ ಒಂದು ರೊಟ್ಟಿಗೆ ಝುಣಕ, ಪಕ್ಕದಲ್ಲಿ ಸೋಯಾ ಚಂಕ್ಸ್ ಹಾಕಿದ ಪುಂಡಿಪಲ್ಯ: 25 ಮೀರುತ್ತದೆ. ತಟ್ಟೆಯಲ್ಲಿ ಕಾಳು-ಪಲ್ಯ ಮೊದಲು, ರೊಟ್ಟಿ ಆಮೇಲೆ, ಅನ್ನ ಕೊನೆಗೆ ಚಿಕ್ಕ ಬಟ್ಟಲಿನಲ್ಲಿ ಅಳೆದು. ಭತ್ತದ ನಾಡಿನಲ್ಲಿ ಕೂತು ಅನ್ನ ಬಿಟ್ಟುಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಬಿಟ್ಟವರು ಹದಿನೈದು ದಿನಕ್ಕೆ ಮರಳುತ್ತಾರೆ. ‘ರೊಟ್ಟಿ ತಿಂದರೆ ದಪ್ಪ ಆಗಲ್ಲ’ ಎಂಬುದೂ ಪೂರ್ತಿ ಸರಿಯಲ್ಲ. ಗ್ರಾಂ ಲೆಕ್ಕದಲ್ಲಿ ಜೋಳದ ಹಿಟ್ಟಿಗೂ ಅಕ್ಕಿಗೂ ಕ್ಯಾಲರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆದರೆ ನೂರು ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಜೊತೆಗೆ ರೊಟ್ಟಿ ಅಗಿಯಲು ಹೊತ್ತು ಬೇಕು. ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ. ಶೇಂಗಾ ಹಿಂಡಿ ಒಳ್ಳೆಯದೇ, ಎರಡು ಚಮಚೆ. ನಿಂತು ತಿಂದಾಗ ಚಮಚೆಯ ಲೆಕ್ಕ ಯಾರಿಗೂ ಇರುವುದಿಲ್ಲ.

ರಾತ್ರಿ ಹತ್ತಕ್ಕೆ ಆದರೂ ಹಸಿವಾದರೆ ಲೈಟ್ ಹಾಕಿ. ತಟ್ಟೆ ತೆಗೆದುಕೊಂಡು ಕುಳಿತು, ಮಜ್ಜಿಗೆ ಜೊತೆ ಒಂದು ಬಟ್ಟಲು ಬೇಯಿಸಿದ ಕಾಳು ತಿನ್ನಿ. ಅದನ್ನು ಸಂಜೆಯೇ ತೆಗೆದಿಡಿ. ಮನೆಯವರಿಗೂ ಹೇಳಿ, ಡಾಕ್ಟರ್ ಹೇಳಿದ್ದಾರೆ ಅಂತ. ಇಷ್ಟು ಮಾಡಿದ ಮೇಲೂ ಮುಚ್ಚಿಟ್ಟು ತಿನ್ನುವುದು ನಿಲ್ಲದೆ, ತಡೆಯಲಾಗದಷ್ಟು ತಿಂದು ಸಂಕಟವಾಗುವುದು ವಾರಕ್ಕೆ ಹಲವು ಸಲ ನಡೆಯುತ್ತಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ. ನಿಮ್ಮ ವೈದ್ಯರಿಗೆ ಹಾಗೆಯೇ ಬಿಚ್ಚಿ ಹೇಳಿ, ಮನೋವೈದ್ಯರ ಸಹಾಯ ಪಡೆಯಲು ಹಿಂಜರಿಯಬೇಡಿ.

ಈ ವಾರ ರಕ್ತ ಕೊಡಿ: ಎಚ್‌ಬಿಎ1ಸಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಕ್ರಿಯಾಟಿನಿನ್, ಹಿಮೋಗ್ಲೋಬಿನ್. ನಿಮ್ಮ ಆರಂಭದ 6.3 ಮಧುಮೇಹದ ಹೊಸ್ತಿಲು. ತೂಕದ ಜೊತೆ ಅದೂ ಏರುತ್ತಿದ್ದರೆ ಮೊದಲ ದಾರಿಯ ಕಡೆಗೆ ತಕ್ಕಡಿ ವಾಲುತ್ತದೆ. ಸೊಂಟದ ಸುತ್ತಳತೆ ತೆಗೆದು ಬರೆದಿಡಿ. ನಮ್ಮ ಹೆಂಗಸರಲ್ಲಿ 80 ಸೆಂ.ಮೀ. ಮೇಲೆ ಹೋದಷ್ಟೂ ಸಕ್ಕರೆ, ಹೃದಯದ ಚಿಂತೆ ಹೆಚ್ಚು. ತೂಕ ವಾರಕ್ಕೆ ಒಂದೇ ಸಲ, ಸೋಮವಾರ ಬೆಳಿಗ್ಗೆ ಚಹಾಕ್ಕೆ ಮೊದಲು. ದಿನಾ ಹತ್ತಿದರೆ ಉಪ್ಪು, ನೀರು, ಮುಟ್ಟಿನ ಏರಿಳಿತಕ್ಕೆ ಸುಮ್ಮನೆ ಮನಸ್ಸು ಕೆಡುತ್ತದೆ. ಮೂರು ತಿಂಗಳು ಎರಡನೆಯ ದಾರಿಯಲ್ಲಿ ನಡೆದು ನೋಡಿ ಎಂಬುದು ನನ್ನ ಸಲಹೆ. 78ರ ಆಸುಪಾಸಿನಲ್ಲಿ ನಿಂತರೆ ಅದೇ ಗೆಲುವು, ಇಳಿಯಲೇಬೇಕೆಂಬ ಹಟ ಬೇಡ. ಎರಡು ಸೋಮವಾರ ಸಾಲಾಗಿ 80 ದಾಟಿದರೆ ಮೂರು ತಿಂಗಳು ತುಂಬಲಿ ಎಂದು ಕಾಯದೆ, ಬಿಲ್ಲು, ರಿಪೋರ್ಟು ಹಿಡಿದುಕೊಂಡು ಇಂಜೆಕ್ಷನ್ ಬರೆದುಕೊಟ್ಟ ವೈದ್ಯರ ಹತ್ತಿರ ಹೋಗಿ.